ನೀರು ತಾಗದ ಮಡಿ

ನಮ್ಮ ಹೆಂಗಸರಿಗೆ ನೀರಿನ ಮೇಲೆ ಇರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕುವುದರಿಂದ ಹಿಡಿದು ರಾತ್ರಿ ಒಲೆಕಟ್ಟೆ ತೊಳೆದು ಮಲಗುವವರೆಗೆ ದಿನವೆಲ್ಲ ನೀರಿನಲ್ಲೇ ಕಳೆಯುತ್ತದೆ. ಸಂತೆಯಿಂದ ಸೊಪ್ಪು ಬಂದರೆ ನೀರು, ಹೊರಗಿನಿಂದ ಮಗು ಬಂದರೆ ಮೊದಲು ಕಾಲಿಗೆ ನೀರು, ಕಣ್ಣಿಗೆ ಕಸ ಬಿದ್ದರೆ ಕೂಡಲೇ ಒಂದು ಬೊಗಸೆ ನೀರು. ತೊಳೆದದ್ದು ಶುದ್ಧ, ತೊಳೆಯದೇ ಇದ್ದದ್ದು ಅಶುದ್ಧ. ಇದನ್ನೇ ನಾವು ಮಡಿ ಅಂದೆವು. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರ ಇಟ್ಟ ಮಾತು ಬೇರೆ, ಅದು ನನಗೆ ಬೇಡ. ನಾನು ಹೇಳುತ್ತಿರುವುದು ಅಡುಗೆಮನೆಯ, ಬಚ್ಚಲಿನ, ತೊಳೆಯುವ ಕೈಯ ಮಡಿ.

ಆದರೆ ಈಗ ನಮ್ಮ ಮನೆಗಳಿಗೆ ಒಂದು ವಸ್ತು ಬಂದಿದೆ. ಅದಕ್ಕೆ ನೀರೇ ಮೈಲಿಗೆ. ಬಾವಿಯ ನೀರಾಗಲಿ, ನಲ್ಲಿಯ ನೀರಾಗಲಿ, ಕುದಿಸಿ ಆರಿಸಿ ಸೋಸಿದ ನೀರಾಗಲಿ, ಒಂದು ಹನಿಯೂ ಅದಕ್ಕೆ ಸೋಕಬಾರದು. ಅದು ಕಣ್ಣಿನೊಳಗೆ ಹಾಕಿಕೊಳ್ಳುವ ಕಾಂಟ್ಯಾಕ್ಟ್ ಲೆನ್ಸ್. ಬೆರಳ ತುದಿಯ ಮೇಲೆ ಮಳೆಹನಿಯ ಹಾಗೆ ಕೂರುವ ಈ ವಸ್ತುವಿನ ಹಿಂದೆ ನೂರಮೂವತ್ತು ವರ್ಷ ಮೀರಿದ ಚರಿತ್ರೆಯಿದೆ. ಚರಿತ್ರೆ ಪಾಠ ಮಾಡುವುದೇ ನನ್ನ ಕಸುಬಾದ್ದರಿಂದ, ನನ್ನ ಶಾಲೆಯ ಹುಡುಗಿಯರು ಒಬ್ಬೊಬ್ಬರಾಗಿ ಕನ್ನಡಕ ಬಿಟ್ಟು ಲೆನ್ಸ್ ಹಾಕಿಕೊಳ್ಳಲು ಶುರುಮಾಡಿದಾಗ ಇದರ ಕಥೆಯನ್ನೂ ಹುಡುಕಿ ಓದಿದೆ. ಓದುತ್ತ ಹೋದಂತೆ ನನಗೆ ಹೊಳೆದದ್ದು ಇಷ್ಟು: ಲೆನ್ಸನ್ನು ಉತ್ತಮಪಡಿಸಿದ್ದು ವಿಜ್ಞಾನಿಗಳು. ಅದರಿಂದ ಬಂದ ಅನಾಹುತಗಳಲ್ಲಿ ಹೆಚ್ಚಿನವು ಮಾತ್ರ ಕೈ, ಡಬ್ಬಿ, ನೀರು, ನಿದ್ದೆ ಇಂಥ ಮನೆಯೊಳಗಿನ ಸಣ್ಣ ಅಭ್ಯಾಸಗಳಿಂದ ಬಂದವು.

ಮೊದಲು ಕನ್ನಡಕದ ಮಾತು. ನಮ್ಮ ದೇಶದಲ್ಲಿ ಕನ್ನಡಕದ ಬಹಳ ಹಳೆಯ ಉಲ್ಲೇಖಗಳಲ್ಲೊಂದು ಸಿಗುವುದು ನಮ್ಮ ಕರ್ನಾಟಕದಲ್ಲೇ. ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿದ್ದ ವ್ಯಾಸರಾಯರ ಬದುಕನ್ನು ಕುರಿತು ಸೋಮನಾಥ ಕವಿ ಸಂಸ್ಕೃತದಲ್ಲಿ ‘ವ್ಯಾಸಯೋಗಿಚರಿತಂ’ ಎಂಬ ಕೃತಿ ಬರೆದ. ಅದರಲ್ಲಿ ಯತಿಗಳು ಕಣ್ಣಿಗೆ ಗಾಜಿನ ಸಾಧನ ಇಟ್ಟುಕೊಂಡು ಗ್ರಂಥ ಓದುತ್ತಿದ್ದ ಪ್ರಸಂಗ ಬರುತ್ತದೆಂದು ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಗುರುತಿಸಿದರು. ಸುಮಾರು 1520ರ ಸಮಯದ ಮಾತು. ಪೋರ್ಚುಗೀಸರು ಗೋವೆಗೆ ಬಂದು ಹತ್ತು ವರ್ಷವಾಗಿತ್ತು, ಅವರ ಮೂಲಕ ಬಂದ ವಸ್ತು ಇರಬಹುದು. ಮುಪ್ಪಿನಲ್ಲೂ ಓದು ಬಿಡದ ಯತಿಯೊಬ್ಬರ ಮೂಗಿನ ಮೇಲೆ ಕನ್ನಡಕ ಹೀಗೆ ನಮ್ಮ ನಾಡಿನ ಚರಿತ್ರೆಗೆ ಬಂತು.

ಅಂದಿನಿಂದ ಇಂದಿನವರೆಗೂ ಗಂಡಸಿಗೆ ಕನ್ನಡಕ ವಿದ್ಯೆಯ ಗುರುತು. ನಮ್ಮ ಶಾಲೆಯ ಗೋಡೆಯ ಮೇಲಿರುವ ಪಟಗಳನ್ನೇ ನೋಡಿ, ಗಾಂಧೀಜಿ ಕನ್ನಡಕದವರು, ಅಂಬೇಡ್ಕರ್ ಕನ್ನಡಕದವರು. ಅದೇ ಕನ್ನಡಕ ಹುಡುಗಿಯ ಮುಖಕ್ಕೆ ಬಂದರೆ ಕುಂದು! ‘ಹುಡುಗಿ ಚೆನ್ನಾಗಿದ್ದಾಳೆ, ಆದರೆ ಸೋಡಾ ಗ್ಲಾಸು’ ಎಂಬ ಮಾತು ಕೇಳದ ಊರಿಲ್ಲ. 1994ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಚಿಕ್ಕಮ್ಮ ನನ್ನ ಕನ್ನಡಕ ತೆಗೆದು ಅಕ್ಕಿಡಬ್ಬಿಯ ಹಿಂದೆ ಇಟ್ಟುಬಿಟ್ಟಿದ್ದಳು. ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದವಳಿಗೆ ಬೆಂಚಿನ ಮೇಲೆ ನಾಲ್ಕು ಬಿಳಿ ಷರಟು ಕಂಡವೇ ಹೊರತು ಮುಖ ಯಾರದೂ ಕಾಣಲಿಲ್ಲ. ಅವರೆಲ್ಲ ನನ್ನನ್ನು ನೋಡಿದರು, ನಾನು ಯಾರನ್ನೂ ನೋಡಲಿಲ್ಲ. ಆ ಸಂಬಂಧ ಮುಂದುವರಿಯಲಿಲ್ಲ ಬಿಡಿ. ಮುಂದೆ ನನ್ನ ಕೈಹಿಡಿದವರು ನನ್ನನ್ನು ಕನ್ನಡಕದ ಸಮೇತವೇ ಒಪ್ಪಿದರು.

ನಮ್ಮ ಸಣ್ಣ ಊರುಗಳಿಗೆ ಲೆನ್ಸ್ ಬಂದ ದಾರಿ ಇದೇ, ಮದುವೆಯ ದಾರಿ. ಕೊಡ್ಲಿಪೇಟೆ ಕೊಡಗಿನ ಉತ್ತರದ ತುದಿ, ಆಚೆ ಹಾಸನ ಜಿಲ್ಲೆ. ಇಲ್ಲಿಂದ ಮಡಿಕೇರಿಗೋ ಹಾಸನಕ್ಕೋ ಹೋಗಿ ಸೀರೆ, ಬಳೆ, ಒಡವೆಗಳ ಜೊತೆಗೆ ಲೆನ್ಸನ್ನೂ ತರುವ ತಾಯಂದಿರನ್ನು ನಾನು ನೋಡಿದ್ದೇನೆ. ಒಡವೆಯನ್ನು ಹೇಗೆ ಜೋಪಾನ ಮಾಡಬೇಕೆಂದು ಅವರಿಗೆ ಗೊತ್ತು. ಲೆನ್ಸನ್ನು ಹೇಗೆಂದು ಯಾರೂ ಸರಿಯಾಗಿ ಹೇಳಿರುವುದಿಲ್ಲ.

ಈಗ ಲೆನ್ಸಿನ ಕಥೆಗೆ ಬರೋಣ. ಕಣ್ಣಿಗೇ ತಾಗಿಸಿ ದೃಷ್ಟಿ ತಿದ್ದಬಹುದೆಂಬ ಯೋಚನೆ ಹಳೆಯದು. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ 1637ರಲ್ಲಿ ನೀರು ತುಂಬಿದ ಕೊಳವೆಯನ್ನು ಕಣ್ಣಿಗೆ ಹಿಡಿಯುವ ಮಾತು ಬರೆದ. ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ಹಾಗೆಯೇ ನೀರಿನ ಕೊಳವೆ ಹಿಡಿದು ಪ್ರಯೋಗ ಮಾಡಿದ. ಆದರೆ ಕೊಳವೆ ಹಿಡಿದುಕೊಂಡು ಯಾರು ತಾನೇ ಓಡಾಡಲು ಸಾಧ್ಯ?

ನಿಜವಾದ ಲೆನ್ಸ್ ಬಂದದ್ದು 1888ರಲ್ಲಿ. ಜ್ಯೂರಿಚ್‌ನಲ್ಲಿದ್ದ ಜರ್ಮನ್ ವೈದ್ಯ ಅಡಾಲ್ಫ್ ಫಿಕ್ ಕಣ್ಣಿನ ಆಕಾರಕ್ಕೆ ಗಾಜಿನ ಸಣ್ಣ ಬಟ್ಟಲು ಮಾಡಿಸಿದ. ಮೊದಲು ಮೊಲದ ಕಣ್ಣಿಗೆ ಹಾಕಿ ನೋಡಿದ, ಆಮೇಲೆ ತನ್ನ ಕಣ್ಣಿಗೇ ಹಾಕಿಕೊಂಡ. ಕೆಲವು ಗಂಟೆಗಳಾಗುವಷ್ಟರಲ್ಲಿ ಕಣ್ಣು ಮಬ್ಬಾಗಿ ತೆಗೆಯಬೇಕಾಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಯೂಜೀನ್ ಕಾಲ್ಟ್ ಎಂಬ ವೈದ್ಯ, ಕಣ್ಣಿನ ಮುಂಭಾಗ ಶಂಕುವಿನ ಹಾಗೆ ಚೂಪಾಗಿ ಉಬ್ಬಿಬರುವ ಕಾಯಿಲೆಗೆ ಗಾಜಿನ ಲೆನ್ಸ್ ಹಾಕಿ ನೋಡಿದ. ಮರುವರ್ಷ ಆಗಸ್ಟ್ ಮುಲ್ಲರ್ ಎಂಬ ವಿದ್ಯಾರ್ಥಿ ತನ್ನ ಸಮೀಪದೃಷ್ಟಿಗೆ ತಾನೇ ಲೆನ್ಸ್ ಮಾಡಿಕೊಂಡ. ಅರ್ಧ ಗಂಟೆಗಿಂತ ಹೆಚ್ಚು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಇತ್ತ ನಮ್ಮ ಬೆಂಗಳೂರಿನಲ್ಲಿ ಮುಂದೆ ಮಿಂಟೋ ಎಂದು ಹೆಸರಾದ ಕಣ್ಣಾಸ್ಪತ್ರೆ ಸಣ್ಣದಾಗಿ ಶುರುವಾದದ್ದು 1896ರಲ್ಲಿ.

ಕಣ್ಣು ಯಾಕೆ ಮಬ್ಬಾಗುತ್ತಿತ್ತು? ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಕಣ್ಣಿನ ಕರಿಭಾಗದ ಮೇಲೆ ಗಡಿಯಾರದ ಗಾಜಿನಂತೆ ಒಂದು ತಿಳಿಯಾದ ಪೊರೆಯಿದೆ. ಅದೇ ಕಾರ್ನಿಯಾ. ಬೆಳಕು ಒಳಗೆ ಹೋಗಬೇಕಾದ್ದರಿಂದ ಅದರೊಳಗೆ ರಕ್ತನಾಳಗಳಿಲ್ಲ. ಮೈಯ ಉಳಿದ ಭಾಗಗಳಿಗೆ ರಕ್ತ ಉಸಿರು ಒಯ್ದು ಕೊಡುತ್ತದೆ. ಕಾರ್ನಿಯಾ ಮಾತ್ರ ತನಗೆ ಬೇಕಾದ ಆಮ್ಲಜನಕವನ್ನು ಬಹುಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ ತೆಗೆದುಕೊಳ್ಳುತ್ತದೆ. ನಾವು ರೆಪ್ಪೆ ಬಡಿದಾಗಲೆಲ್ಲ ಕಣ್ಣೀರು ಅದನ್ನು ತೊಳೆಯುತ್ತದೆ. ಆ ಕಣ್ಣೀರಿನಲ್ಲಿ ಕ್ರಿಮಿಗಳನ್ನು ಕೊಲ್ಲುವ ಗುಣವೂ ಇದೆ. ಅಂದರೆ ಕಣ್ಣಿಗೆ ತನ್ನದೇ ಮಡಿಯಿದೆ, ತನ್ನದೇ ನೀರಿದೆ. ಗಾಜಿನ ಬಟ್ಟಲು ಮುಚ್ಚಿದರೆ ಕಾರ್ನಿಯಾಕ್ಕೆ ಉಸಿರುಕಟ್ಟುತ್ತದೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಗಾಜು ಹೋಗಿ ಗಟ್ಟಿ ಪ್ಲಾಸ್ಟಿಕ್ ಬಂತು. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಕಾರ್ನಿಯಾದ ಮೇಲಷ್ಟೇ ಕೂರುವ ಸಣ್ಣ ಲೆನ್ಸ್ ಮಾಡಿದ. ಕಣ್ಣೀರು ಅದರಡಿ ಹರಿದಾಡುವಂತಾಯಿತು. ಆದರೂ ಗಟ್ಟಿ ಗಟ್ಟಿಯೇ. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದನ್ನು ವಾರಗಟ್ಟಲೆ ಸಹಿಸಿ ರೂಢಿ ಮಾಡಿಕೊಳ್ಳಬೇಕಿತ್ತು.

ಮೆತ್ತನೆಯ ಲೆನ್ಸಿನ ಕಥೆ ಹುಟ್ಟುವುದು ರೈಲಿನಲ್ಲಿ. 1952ರಲ್ಲಿ ಆಗಿನ ಚೆಕೊಸ್ಲೊವಾಕಿಯದ ಓಲೊಮೊಟ್ಸ್ ಎಂಬ ಊರಿನಿಂದ ರಾಜಧಾನಿ ಪ್ರಾಗ್‌ಗೆ ಹೋಗುತ್ತಿದ್ದ ರಸಾಯನಶಾಸ್ತ್ರದ ಪ್ರೊಫೆಸರ್ ಓಟೊ ವಿಖ್ಟರ್ಲೆ, ಪಕ್ಕದಲ್ಲಿ ಕುಳಿತವರ ಪತ್ರಿಕೆಯಲ್ಲಿ ಲೋಹದ ಕೃತಕ ಕಣ್ಣಿನ ಲೇಖನ ನೋಡಿದ. ಮೈಯೊಳಗೆ ಇಡುವುದಕ್ಕೆ ಲೋಹಕ್ಕಿಂತ ನೀರು ಹೀರುವ ಮೆತ್ತನೆಯ ವಸ್ತು ಒಳ್ಳೆಯದಲ್ಲವೇ ಎಂದು ಮಾತು ತೆಗೆದ. ಡ್ರಾಹೊಸ್ಲಾವ್ ಲೀಮ್ ಎಂಬ ಜೊತೆಗಾರನೊಂದಿಗೆ ಸೇರಿ ಅಂಥ ವಸ್ತುವನ್ನು ತಯಾರಿಸಿಯೂಬಿಟ್ಟ. ಒಣಗಿದಾಗ ಗಟ್ಟಿ, ನೀರು ಕುಡಿದರೆ ನೆನೆದ ಸಬ್ಬಕ್ಕಿಯ ಹಾಗೆ ಮೆತ್ತಗೆ, ತಿಳಿಯಾಗಿ.

ಆದರೆ ಅದನ್ನು ತೆಳುವಾದ ಲೆನ್ಸಾಗಿ ಎರಕ ಹೊಯ್ಯುವುದು ಸುಲಭವಾಗಲಿಲ್ಲ. ರಾಜಕೀಯದ ಕಾರಣಕ್ಕೆ 1958ರಲ್ಲಿ ಅವನ ಕಾಲೇಜಿನ ಕೆಲಸವೂ ಹೋಗಿತ್ತು, ಆಮೇಲೆ ಸರ್ಕಾರ ಲೆನ್ಸಿನ ಪ್ರಯೋಗಕ್ಕೂ ಬೆಂಬಲ ನಿಲ್ಲಿಸಿತು. 1961ರ ಕ್ರಿಸ್‌ಮಸ್ ರಜೆಯಲ್ಲಿ ವಿಖ್ಟರ್ಲೆ ಮನೆಯ ಅಡುಗೆಮೇಜಿನ ಮೇಲೆ, ಮಕ್ಕಳು ಆಡುವ ಮೆರ್ಕುರ್ ಎಂಬ ಜೋಡಣೆಯ ಆಟಿಕೆಯ ತುಂಡುಗಳನ್ನೂ ಸೈಕಲ್ಲಿನ ಡೈನಮೋವನ್ನೂ ಸೇರಿಸಿ ಗರಗರ ತಿರುಗುವ ಯಂತ್ರ ಕಟ್ಟಿದ. ತಿರುಗುವ ಅಚ್ಚಿನಲ್ಲಿ ದ್ರವ ಹನಿಸಿದರೆ ಅದು ತಾನಾಗಿ ಲೆನ್ಸಿನ ಆಕಾರಕ್ಕೆ ಹರಡಿಕೊಂಡಿತು. ಕಾವಲಿಯ ಮೇಲೆ ಹಿಟ್ಟು ತಿರುವಿದಂತೆ ಎಂದುಕೊಳ್ಳಿ. ಅವನ ಹೆಂಡತಿ ಲಿಂಡಾ ಸ್ವತಃ ವೈದ್ಯೆ. ಗಂಡ ಹೆಂಡತಿ ಇಬ್ಬರೂ ಕೂತು ಮುಂದಿನ ನಾಲ್ಕು ತಿಂಗಳಲ್ಲಿ ಮನೆಯಲ್ಲೇ ಸುಮಾರು 5,500 ಲೆನ್ಸ್ ಮಾಡಿದರು. ಚರಿತ್ರೆಯ ಪುಸ್ತಕಗಳು ಗಂಡನ ಹೆಸರನ್ನು ದೊಡ್ಡದಾಗಿ ಬರೆಯುತ್ತವೆ. ಅಷ್ಟು ಸಾವಿರ ಲೆನ್ಸಿಗೆ ಕೈಕೊಟ್ಟ ಲಿಂಡಾಳನ್ನು ನಾವಾದರೂ ನೆನೆಯಬೇಕು. ಮುಂದೆ ಈ ವಿದ್ಯೆ ಅಮೆರಿಕಕ್ಕೆ ಮಾರಾಟವಾಗಿ, 1971ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಪಡೆದು ಲೋಕಕ್ಕೆಲ್ಲ ಹರಡಿತು.

ಮೆತ್ತನೆಯ ಲೆನ್ಸ್ ಕಣ್ಣಿಗೆ ಚುಚ್ಚಲಿಲ್ಲ. ಆದರೆ ಅದರ ಗುಣವೇ ಅದರ ದೋಷವಾಯಿತು. ನೀರು ಹೀರುವುದರಿಂದಲೇ ಅದು ಮೆತ್ತಗಿರುವುದು. ನೀರು ಹೀರುವ ವಸ್ತುವಿಗೆ ನೀರಿನಲ್ಲಿರುವುದೂ ಅಂಟಿಕೊಳ್ಳುತ್ತದಲ್ಲ? ಅದರ ಲೆಕ್ಕ ಸಿಕ್ಕಿದ್ದು 1980ರ ದಶಕದಲ್ಲಿ. ಆಗ ಅಮೆರಿಕದಲ್ಲಿ ಅನೇಕರು ಅಂಗಡಿಯಿಂದ ಉಪ್ಪಿನ ಮಾತ್ರೆ ತಂದು, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಲೆನ್ಸಿಗೆ ಮನೆಯಲ್ಲೇ ಉಪ್ಪುನೀರು ಮಾಡಿಕೊಳ್ಳುತ್ತಿದ್ದರು. ಖರ್ಚು ಕಡಿಮೆ. 1985-86ರಲ್ಲಿ ಅಂಥವರಲ್ಲಿ ಹಲವರಿಗೆ ಕಣ್ಣಿನಲ್ಲಿ ಘೋರವಾದ ಹುಣ್ಣು ಕಾಣಿಸಿಕೊಂಡಿತು. ಕಾರಣ ಅಕಾಂತಮೀಬ ಎಂಬ ಕಣ್ಣಿಗೆ ಕಾಣದ ಜೀವಿ. ಮಣ್ಣಿನಲ್ಲಿ, ಕೆರೆಯಲ್ಲಿ, ಬಾವಿಯಲ್ಲಿ, ನಲ್ಲಿಯ ನೀರಿನಲ್ಲಿ ಎಲ್ಲ ಕಡೆ ಅದು ಇರುತ್ತದೆ. ಕಷ್ಟ ಬಂದರೆ ತನ್ನ ಸುತ್ತ ಎರಡು ಸುತ್ತಿನ ಕೋಟೆ ಕಟ್ಟಿಕೊಂಡು ಬೀಜದ ಹಾಗೆ ಕೂತುಬಿಡುತ್ತದೆ. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ನಿಗೂ ಜಗ್ಗುವುದಿಲ್ಲ.

ಅದೇ ನೀರನ್ನು ನಾವು ಕುಡಿಯುತ್ತೇವೆ, ಮುಖ ತೊಳೆಯುತ್ತೇವೆ, ಏನೂ ಆಗುವುದಿಲ್ಲವಲ್ಲ ಎಂದು ಕೇಳಬಹುದು. ಬರಿಗಣ್ಣಿಗೆ ಬಿದ್ದ ನೀರನ್ನು ಕಣ್ಣೀರು ಒಂದು ಗಳಿಗೆಯಲ್ಲಿ ಹೊರಗೆ ಹಾಕುತ್ತದೆ. ಲೆನ್ಸ್ ಇದ್ದಾಗ ಅದರ ಅಡಿ ಸಿಕ್ಕಿಕೊಂಡ ಕ್ರಿಮಿ ಅಲ್ಲೇ ಮನೆ ಮಾಡುತ್ತದೆ. ಲೆನ್ಸಿನ ಅಂಚಿನಿಂದ ಆದ ಸಣ್ಣ ತರಚು ಇದ್ದರೆ ಅದಕ್ಕೆ ಬಾಗಿಲು ತೆರೆದಂತೆ.

ಇನ್ನೊಂದು ಪಾಠ ನಿದ್ದೆಯದು. ಹಾಕಿಕೊಂಡೇ ಮಲಗಬಹುದೆಂದು ಹೇಳಿ ಮಾರಿದ ಲೆನ್ಸ್‌ಗಳು 1980ರ ದಶಕದಲ್ಲಿ ಬಂದವು. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಹಗಲು ಹಾಕಿ ರಾತ್ರಿ ತೆಗೆಯುವವರಿಗಿಂತ ಇಂಥ ಲೆನ್ಸ್ ಹಾಕಿಕೊಂಡೇ ಮಲಗುವವರಿಗೆ ಕಾರ್ನಿಯಾ ಹುಣ್ಣಿನ ಅಪಾಯ 10ರಿಂದ 15 ಪಟ್ಟು ಹೆಚ್ಚೆಂದು ತೋರಿಸಿತು. ನಮಗೆ ಇದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಿಲ್ಲ. ದೋಸೆ ಹಿಟ್ಟನ್ನು ರುಬ್ಬಿ ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಹುಳಿ ಬಂದು ಉಕ್ಕುತ್ತದೆ. ಬೆಚ್ಚಗೆ, ಒದ್ದೆಯಾಗಿ, ಮುಚ್ಚಿದ್ದರೆ ಸಾಕು. ಮುಚ್ಚಿದ ರೆಪ್ಪೆಯಡಿಯ ಲೆನ್ಸಿಗೂ ಅದೇ ನ್ಯಾಯ. ಗಾಳಿಯಿಲ್ಲ, ರೆಪ್ಪೆ ಬಡಿಯದೆ ಇರುವುದರಿಂದ ಕಣ್ಣೀರು ಓಡಾಡುವುದೂ ಇಲ್ಲ. ಈಗ ಹೆಚ್ಚು ಆಮ್ಲಜನಕ ಬಿಡುವ ಸಿಲಿಕೋನ್ ಬೆರೆತ ಲೆನ್ಸ್‌ಗಳು ಬಂದಿವೆ. ಅವು ಉಸಿರು ಕೊಟ್ಟವು ನಿಜ, ಆದರೆ ಮಲಗುವಾಗಿನ ಸೋಂಕಿನ ಭಯವನ್ನು ಕಳೆಯಲಿಲ್ಲ.

ಮೂರನೆಯದು ಡಬ್ಬಿಯ ಪಾಠ. 2005-06ರಲ್ಲಿ ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಲೆನ್ಸ್ ಹಾಕುವವರಿಗೆ ಫ್ಯುಸೇರಿಯಂ ಎಂಬ ಬೂಷ್ಟಿನಿಂದ ಕಣ್ಣಿನ ಹುಣ್ಣು ಹಬ್ಬಿತು. ಬಾಷ್ ಅಂಡ್ ಲಾಂಬ್ ಕಂಪನಿಯ ಒಂದು ಹೊಸ ದ್ರಾವಣಕ್ಕೂ ಇದಕ್ಕೂ ನಂಟು ಕಂಡುಬಂದು, 2006ರ ಮೇ ತಿಂಗಳಿನಲ್ಲಿ ಅದನ್ನು ಲೋಕದ ಎಲ್ಲ ಅಂಗಡಿಗಳಿಂದ ವಾಪಸು ಪಡೆದರು. ದ್ರಾವಣದ ಜೊತೆಗೆ ಬಳಸುವವರ ಒಂದು ಅಭ್ಯಾಸವೂ ವೈದ್ಯರ ಕಣ್ಣಿಗೆ ಬಿತ್ತು: ಡಬ್ಬಿಯಲ್ಲಿರುವ ನಿನ್ನೆಯ ದ್ರಾವಣ ಚೆಲ್ಲದೆ ಅದರ ಮೇಲೇ ಇನ್ನಷ್ಟು ಹೊಸದು ಹೊಯ್ಯುವುದು. ನಿನ್ನೆಯ ಸಾರಿಗೆ ಇವತ್ತು ಸ್ವಲ್ಪ ನೀರು ಬೆರೆಸಿ ಕುದಿಸುವ ನಮ್ಮ ಜಾಣತನ ಇಲ್ಲಿ ನಡೆಯುವುದಿಲ್ಲ. ಒಂದು ರಾತ್ರಿ ಕ್ರಿಮಿಗಳೊಡನೆ ಹೋರಾಡಿದ ದ್ರಾವಣದಲ್ಲಿ ಮರುರಾತ್ರಿಗೆ ಶಕ್ತಿ ಉಳಿದಿರುವುದಿಲ್ಲ.

ಇವೆಲ್ಲ ದೂರದೇಶದ ಮಾತು ಎಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಷಾಢಕ್ಕೆ ತವರಿಗೆ ಬಂದಳು. ಹೊಸದಾಗಿ ಮದುವೆಯಾದವಳು, ಮದುವೆಗೆಂದೇ ಲೆನ್ಸ್ ಹಾಕಿಸಿಕೊಂಡವಳು. ನಮ್ಮ ಕಡೆ ಆಷಾಢದ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕರೆಂಟಿಲ್ಲ, ಮರ ಬಿದ್ದು ಬಸ್ಸಿಲ್ಲ. ತಂದಿದ್ದ ದ್ರಾವಣದ ಬಾಟಲಿ ಖಾಲಿಯಾಯಿತು. ನಮ್ಮ ಪೇಟೆಯಲ್ಲಿ ಆಗ ಅದು ಸಿಗುತ್ತಿರಲಿಲ್ಲ. ನೀರು ಕುದಿಸಿ ಆರಿಸಿ, ಚಿಟಿಕೆ ಉಪ್ಪು ಹಾಕಿ, ಅದರಲ್ಲೇ ಲೆನ್ಸ್ ಇಟ್ಟಳು. ಲೆನ್ಸ್ ಮಾರಿದ ಅಂಗಡಿಯವನು ಹಾಕುವುದು ತೆಗೆಯುವುದು ಹೇಳಿಕೊಟ್ಟಿದ್ದನಂತೆ, ನೀರಿನ ವಿಷಯ ಹೇಳಿರಲಿಲ್ಲವಂತೆ. ಕನ್ನಡಕವನ್ನು ಗಂಡನ ಮನೆಯಲ್ಲೇ ಬಿಟ್ಟು ಬಂದಿದ್ದಳು.

ಹತ್ತು ಹನ್ನೆರಡು ದಿನದಲ್ಲಿ ಬಲಗಣ್ಣು ಕೆಂಪಾಯಿತು. ‘ಕಣ್ಣುಬೇನೆ ಇರಬೇಕು’ ಎಂದು ಮೆಡಿಕಲ್ ಶಾಪಿನಿಂದ ತಂದ ಹನಿ ಬಿಟ್ಟರು. ಮೊದಲು ಕಡಿಮೆಯಾದಂತೆ ಕಂಡು ಆಮೇಲೆ ದುಪ್ಪಟ್ಟಾಯಿತು. ನಾನು ನೋಡಲು ಹೋದಾಗ ಕತ್ತಲೆಕೋಣೆಯಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ‘ಟೀಚರೇ, ಕಣ್ಣು ಕಿತ್ತು ಹಾಕೋಣ ಅನ್ನಿಸ್ತದೆ’ ಅಂದಳು. ಎರಡನೆಯ ದಿನವೇ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಕಾರ್ನಿಯಾದಿಂದ ಸ್ವಲ್ಪ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಅದು ನೀರಿನ ಆ ಜೀವಿಯೆಂದು ತಿಳಿದದ್ದು. ಹಗಲು ರಾತ್ರಿಯೆನ್ನದೆ ಗಂಟೆಗೊಮ್ಮೆ ಔಷಧಿ, ಆಮೇಲೆ ತಿಂಗಳುಗಟ್ಟಲೆ. ಕಣ್ಣು ಉಳಿಯಿತು. ಕರಿಭಾಗದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ ಉಳಿದಿದೆ, ದೃಷ್ಟಿ ಮೊದಲಿನಷ್ಟಿಲ್ಲ. ಅವಳ ತಾಯಿ ನನ್ನನ್ನು ಕೇಳಿದ ಮಾತು ನಾನು ಮರೆಯುವಂತಿಲ್ಲ: ‘ನಮ್ಮ ಬಾವಿ ನೀರು ತೀರ್ಥದ ಹಾಗಿದೆ ಟೀಚರೇ. ಮೂರು ತಲೆಮಾರು ಕುಡಿದಿದ್ದೇವೆ. ಅದರಿಂದ ಹೇಗೆ ಬಂತು?’ ಆ ತಾಯಿಯ ತಪ್ಪೇನೂ ಇಲ್ಲ. ನೀರು ತೊಳೆಯುತ್ತದೆ ಎಂಬುದೇ ನಮಗೆಲ್ಲ ಗೊತ್ತಿದ್ದ ಸತ್ಯ.

ಹಾಗೆ ನೋಡಿದರೆ ನೀರು ತಾಗದ ಮಡಿ ನಮ್ಮ ಅಜ್ಜಿಯರಿಗೆ ಹೊಸತೇನಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರ ನಡೆಸಿ, ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದು 2005ರಲ್ಲಿ ತೀರಿಕೊಂಡ ಅವರ ಹೆಸರು ಕೇಳದ ಹಿರಿಯರು ಕರ್ನಾಟಕದಲ್ಲಿ ಕಡಿಮೆ. ಅಂಥ ಶಿಬಿರಗಳಿಂದ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ ಅಜ್ಜಿಯರಿಗೆ ವೈದ್ಯರು ಹೇಳುತ್ತಿದ್ದ ಮೊದಲ ಮಾತು, ತಲೆಗೆ ಸ್ನಾನ ಬೇಡ, ಕಣ್ಣಿಗೆ ಒಂದು ಹನಿ ನೀರು ಬೀಳಬಾರದು ಎಂದು. ದಿನಾ ಮಿಂದು ಮಡಿಯುಡುವ ನಮ್ಮಜ್ಜಿ ಕೂಡ ಅದನ್ನು ವ್ರತದ ಹಾಗೆ ಪಾಲಿಸಿದಳು. ಅಜ್ಜಿಗೆ ಗೊತ್ತಿದ್ದದ್ದನ್ನು ಮೊಮ್ಮಕ್ಕಳಿಗೆ ಹೇಳುವವರಿಲ್ಲದಂತಾಗಿದೆ, ಅಷ್ಟೇ.

ಕಾರ್ನಿಯಾ ಒಮ್ಮೆ ಬೆಳ್ಳಗಾದರೆ ಮತ್ತೆ ತಿಳಿಯಾಗುವುದಿಲ್ಲ. ಆಗ ಉಳಿಯುವ ದಾರಿ ಬೇರೆಯವರ ಕಾರ್ನಿಯಾ ಹೊಲಿಯುವುದು. ಅದು ಮೊದಲು ಪೂರ್ಣವಾಗಿ ಯಶಸ್ವಿಯಾದದ್ದು 1905ರ ಡಿಸೆಂಬರಿನಲ್ಲಿ, ವಿಖ್ಟರ್ಲೆ ರೈಲು ಹತ್ತಿದ ಅದೇ ಓಲೊಮೊಟ್ಸ್ ಊರಿನಲ್ಲಿ. ಸುಣ್ಣ ಸಿಡಿದು ಎರಡೂ ಕಣ್ಣು ಕಳೆದುಕೊಂಡಿದ್ದ ಕೂಲಿಯೊಬ್ಬನಿಗೆ, ಗಾಯವಾಗಿ ತೆಗೆಯಲೇಬೇಕಾಗಿ ಬಂದ ಒಬ್ಬ ಹುಡುಗನ ಕಣ್ಣಿನ ಕಾರ್ನಿಯಾವನ್ನು ಎಡ್ವರ್ಡ್ ಜಿರ್ಮ್ ಎಂಬ ವೈದ್ಯ ಜೋಡಿಸಿದ. ನಮ್ಮಲ್ಲಿ ಈ ದಾನದ ಮಾತು ಮನೆಮನೆಗೆ ತಲುಪಿದ್ದು 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದಾಗ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಬೆಳಕು ಕೊಟ್ಟರು. ಎಷ್ಟು ಜನ ದಾನ ಮಾಡಿದರೂ ಸಾಲದಾಗಿರುವ ನಮ್ಮ ದೇಶದಲ್ಲಿ, ಗದ್ದೆಯಲ್ಲಿ ಭತ್ತದ ಸುಂಕು ತಾಗಿಯೋ ತೋಟದಲ್ಲಿ ಕಾಫಿಯ ರೆಂಬೆ ಬಡಿದೋ ಕಾರ್ನಿಯಾ ಹುಣ್ಣಾದ ದುಡಿಯುವ ಜನ ಸರದಿಯಲ್ಲಿ ಕಾಯುತ್ತಿದ್ದಾರೆ. ತೊಳೆಯುವ ಅಭ್ಯಾಸ ಸರಿಯಿಲ್ಲದ ಕಾರಣಕ್ಕೆ ನಮ್ಮ ಹುಡುಗಿಯರೂ ಆ ಸರದಿಯಲ್ಲಿ ನಿಲ್ಲಬೇಕೇ?

ಆದ್ದರಿಂದ ಲೆನ್ಸಿನ ಮಡಿಯನ್ನು ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. ಮೊದಲನೆಯದು ಕೈ. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿಯೇ ಲೆನ್ಸ್ ಮುಟ್ಟಬೇಕು. ಸೆರಗಿಗೆ ಒರೆಸುವ ಹಾಗಿಲ್ಲ. ಒಗ್ಗರಣೆಯ ಹೊಗೆ, ಮಸಾಲೆಯ ಕೈ, ಮಗುವಿನ ಮೂಗು ಎಲ್ಲ ಕಂಡ ಸೆರಗು ಅದು. ಎಳೆ ಬಿಡದ ಸಣ್ಣ ಬಟ್ಟೆಯೊಂದನ್ನು ಇದಕ್ಕೇ ಮೀಸಲಿಡಿ. ಒಣಮೆಣಸಿನಕಾಯಿ ಮುರಿದ ದಿನ ಕೈ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ, ಅಂದು ಕನ್ನಡಕವೇ ವಾಸಿ.

ಎರಡನೆಯದು ದ್ರಾವಣ ಮತ್ತು ಡಬ್ಬಿ. ಲೆನ್ಸ್ ತೆಗೆದ ಮೇಲೆ ಅಂಗೈಯಲ್ಲಿಟ್ಟು, ಅದಕ್ಕೆಂದೇ ಇರುವ ದ್ರಾವಣ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ದ್ರಾವಣದಲ್ಲೇ ತೊಳೆದು, ಹೊಸ ದ್ರಾವಣ ತುಂಬಿದ ಡಬ್ಬಿಯಲ್ಲಿಡಬೇಕು. ಬೆಳಗ್ಗೆ ಹಾಕಿಕೊಂಡ ಮೇಲೆ ಉಳಿದ ದ್ರಾವಣ ಚೆಲ್ಲಿ, ಡಬ್ಬಿಯನ್ನೂ ಹೊಸ ದ್ರಾವಣದಿಂದಲೇ ತೊಳೆದು, ಶುದ್ಧವಾದ ಬಟ್ಟೆಯ ಮೇಲೆ ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ. ಬಚ್ಚಲಿನ ತೇವದಲ್ಲಿ ಇಡಬೇಡಿ, ಅದರಲ್ಲೂ ಗೋಡೆಗೇ ಬೂಷ್ಟು ಬರುವ ನಮ್ಮ ಮಳೆಗಾಲದಲ್ಲಿ. ಡಬ್ಬಿ ಎಷ್ಟು ಚೆನ್ನಾಗಿ ಕಂಡರೂ ಮೂರು ತಿಂಗಳಿಗೊಮ್ಮೆ ಎಸೆಯಿರಿ. ಲೆನ್ಸಿಗೂ ಅದರ ಅವಧಿ ಇದೆ. ತಿಂಗಳಿನದ್ದನ್ನು ಎರಡು ತಿಂಗಳು ಎಳೆಯುವುದು ಉಳಿತಾಯವಲ್ಲ. ಅನುಕೂಲವಿದ್ದರೆ ದಿನಕ್ಕೊಂದು ಹಾಕಿ ಸಂಜೆ ಎಸೆಯುವ ಲೆನ್ಸ್ ಎಲ್ಲಕ್ಕಿಂತ ನಿಶ್ಚಿಂತೆ, ತೊಳೆಯುವ ಗೋಜೇ ಇಲ್ಲ. ಉಗುಳು ಹಚ್ಚಿ ಒದ್ದೆ ಮಾಡುವುದಂತೂ ಕನಸಿನಲ್ಲೂ ಬೇಡ.

ಮೂರನೆಯದು ಸ್ನಾನ ಮತ್ತು ಅಲಂಕಾರ. ಎಣ್ಣೆ ಹಚ್ಚಿ ತಲೆಗೆ ಎರೆದುಕೊಳ್ಳುವಾಗ, ಹೊಳೆಯಲ್ಲಿ ಮುಳುಗುವಾಗ, ಹಂಡೆ ಒಲೆಗೆ ಸೌದೆ ಒಡ್ಡಿ ಊದುವಾಗ ಲೆನ್ಸ್ ಕಣ್ಣಿನಲ್ಲಿರಬಾರದು. ತೀರ್ಥಯಾತ್ರೆಗೆ ಹೋದರೆ ಮೊದಲು ಲೆನ್ಸ್ ತೆಗೆದು ಆಮೇಲೆ ಮುಳುಗಿ. ಮೊದಲು ಲೆನ್ಸ್, ಆಮೇಲೆ ಕಾಡಿಗೆ. ರಾತ್ರಿ ಮೊದಲು ಲೆನ್ಸ್ ತೆಗೆದು, ಆಮೇಲೆ ಕಾಡಿಗೆ ಒರೆಸಿ. ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ತುಂಬಬೇಡಿ. ಈಗ ಮದುವೆಗಳಲ್ಲಿ ಹಸಿರು, ಬೂದು ಬಣ್ಣದ ಲೆನ್ಸ್ ಹಾಕುವ ಖಯಾಲಿ ಬಂದಿದೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕಿಕೊಳ್ಳುವುದೂ ಉಂಟು. ಪವರ್ ಇಲ್ಲದಿದ್ದರೂ ಅದೂ ಲೆನ್ಸೇ. ಕಣ್ಣಿನ ಅಳತೆ ನೋಡಿಸದೆ ಹಾಕಬಾರದು, ಅಕ್ಕತಂಗಿಯರಾದರೂ ಹಂಚಿಕೊಳ್ಳಬಾರದು.

ನಾಲ್ಕನೆಯದು ನಿದ್ದೆ. ಮಧ್ಯಾಹ್ನದ ಜೊಂಪು, ರಾತ್ರಿ ಬಸ್ಸಿನ ತೂಕಡಿಕೆ ಎಲ್ಲವೂ ನಿದ್ದೆಯೇ. ಎಲ್ಲಿಗೆ ಹೋಗಲಿ, ಕನ್ನಡಕವೊಂದು ಚೀಲದಲ್ಲಿರಲಿ. ಆ ಹುಡುಗಿಯ ಬಳಿ ಅಂದು ಕನ್ನಡಕ ಇದ್ದಿದ್ದರೆ ಉಪ್ಪುನೀರಿನ ಯೋಚನೆಯೇ ಬರುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ ತಕ್ಷಣ ಲೆನ್ಸ್ ತೆಗೆಯಿರಿ. ನಾಳೆಯವರೆಗೆ ನೋಡೋಣ ಎನ್ನಬೇಡಿ. ಎದೆಹಾಲು ಬಿಡುವುದು, ನಂದಿಬಟ್ಟಲಿನ ರಸ ಹಿಂ­ಡುವುದು, ಮೆಡಿಕಲ್ ಶಾಪಿನ ಹನಿ ಯಾವುದೂ ಬೇಡ. ಕೆಲವು ಹನಿಗಳಲ್ಲಿರುವ ಸ್ಟೀರಾಯ್ಡ್ ಕೆಂಪನ್ನಷ್ಟೇ ಅಡಗಿಸಿ ಒಳಗಿನ ಹುಣ್ಣನ್ನು ಬೆಳೆಸುತ್ತದೆ. ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಕ್ರಿಮಿ ಯಾವುದೆಂದು ಪರೀಕ್ಷೆ ಮಾಡಲು ಅದು ಬೇಕಾಗಬಹುದು.

ಇದನ್ನೆಲ್ಲ ಓದಿ ಲೆನ್ಸೇ ಬೇಡವೆಂದು ಹೆದರಬೇಡಿ. ಕಾರ್ನಿಯಾ ಚೂಪಾಗುವ ಕಾಯಿಲೆಯವರಿಗೆ ಕನ್ನಡಕದಿಂದ ಸರಿಯಾಗಿ ಕಾಣುವುದಿಲ್ಲ, ಕಾಲ್ಟ್ ಮಾಡಿದ ಹಾಗೆ ಗಟ್ಟಿ ಲೆನ್ಸೇ ಅವರ ಬೆಳಕು. ಆಟದ ಮೈದಾನದಲ್ಲಿ, ಮಳೆಯಲ್ಲಿ ಓಡಾಡುವ ಕೆಲಸಗಳಲ್ಲಿ ಲೆನ್ಸ್ ದೊಡ್ಡ ಅನುಕೂಲ. ಮಗಳು ಕೇಳಿದರೆ ಕೊಡಿಸಿ, ಆದರೆ ಅವಳು ತನಗಾಗಿ ಕೇಳುತ್ತಿದ್ದಾಳೋ ನೋಡಲು ಬರುವವರಿಗಾಗಿಯೋ ಎಂದು ಒಮ್ಮೆ ವಿಚಾರಿಸಿ. ಕಣ್ಣು ಇರುವುದು ಅವಳು ನೋಡುವುದಕ್ಕೆ. ಕೊಡಿಸುವಾಗ ಎರಡು ಬಾಟಲಿ ದ್ರಾವಣ, ಒಂದು ಹೆಚ್ಚಿನ ಡಬ್ಬಿ, ಸರಿಯಾದ ಪವರಿನ ಕನ್ನಡಕ ಮೂರನ್ನೂ ಜೊತೆಗೇ ಕೊಡಿಸಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ಡಬ್ಬಿ ಬದಲಿಸುವ ದಿನಕ್ಕೂ ಒಂದು ಗುರುತು ಹಾಕಿಡಿ.